ಧಾರೆಯೆರೆದ ಹಣ

"ಈಟು ರೊಕ್ಕ ಬ್ಯಾಂಕಿನಿಂದ ಯಾತಕ್ಕ ತಗಿಬೇಕು, ಈಶಪ್ಪ?"

ಪಂಡಿತ ಮರಿಲಿಂಗಪ್ಪನವರ ಕೈಯಲ್ಲಿ ಲೇಖನಿಯಿತ್ತು. ಎದುರಿಗೆ ಪ್ರಸಾದನಿಲಯದ ಚೆಕ್ಕಿತ್ತು. ಅದರಲ್ಲಿ ಬರೆದಿದ್ದ ಮೊತ್ತವು ನಿಲಯದ ಮಕ್ಕಳೆಲ್ಲರೂ ಎರಡು ವರ್ಷ ಉಂಡರೂ ತೀರದಷ್ಟಿತ್ತು. ಕಾರ್ಯದರ್ಶಿ ಈಶಪ್ಪ ಒಂದು ಕೈಯಿಂದ ಚೆಕ್ಕಿನ ಅಂಚನ್ನು ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಸಹಿಯ ಸ್ಥಳವನ್ನು ತೋರಿಸುತ್ತಿದ್ದನು. ಅವನು ಒಂದು ಕಾಲದಲ್ಲಿ ಸುರಪುರದ ಪ್ರೌಢಶಾಲೆಯಲ್ಲಿ ಪಂಡಿತರ ಎದುರು ಕೈಕಟ್ಟಿ ನಿಂತು ಕಂದಪದ್ಯಗಳನ್ನು ಒಪ್ಪಿಸಿದವನು. ಈಗ ಶಹಾಪುರದ ಬಸ್ ನಿಲ್ದಾಣದ ಎದುರು ಕಚೇರಿ ತೆರೆದು, ವರ್ತಕರಿಗೂ ಗುತ್ತೇದಾರರಿಗೂ ಮಾಸ್ತರರಿಗೂ ಆದಾಯ ತೆರಿಗೆಯ ಲೆಕ್ಕ ಬರೆದುಕೊಡುವವನು.

"ವಾಪಸ್ ಕೊಡಾಕ್ರಿ, ಗುರುಗಳ."

"ಯಾರಿಗೆ?"

"ದಾನಿಗಳಿಗೆ."

ಪಂಡಿತರು ತಾವು ಕೇಳಿದ್ದು ಸರಿಯೇ ಎಂದು ತಿಳಿಯದೆ ಅವನ ಮುಖವನ್ನೇ ನೋಡಿದರು. ಈಶಪ್ಪನಿಗೂ ಆಶ್ಚರ್ಯವಾಗಿತ್ತು.

"ನಿಮಗ ಗೊತ್ತಿಲ್ಲೇನ್ರಿ? ಹಿಂದಿನ ಅಧ್ಯಕ್ಷರು ವರ್ಷಾ ಸೈ ಮಾಡತಿದ್ರು. ಮಾರ್ಚಿನಾಗ ಅವರು ಚೆಕ್ ಕೊಡತಾರ, ನಾವು ರಸೀದಿ ಕೊಡತೀವಿ. ರಸೀದಿ ಇತ್ತಂದ್ರ, ದಾನ ಕೊಟ್ಟಿದ್ರಾಗ ಅರ್ಧದಷ್ಟು ಅವರ ಆದಾಯದಾಗಿಂದ ಕಳಿಯಾಕ ಬರ್ತದ. ಅಷ್ಟಕ್ಕ ಟ್ಯಾಕ್ಸ್ ಬೀಳಂಗಿಲ್ಲ. ಎಪ್ರಿಲಿನಾಗ ನಾವು ನೂರಕ್ಕ ತೊಂಬತ್ತೈದು ನಗದು ವಾಪಸ್ ಕೊಡತೀವಿ, ಐದು ಇಟ್ಕೋತೀವಿ. ಅವರಿಗೂ ಉಳೀತು, ನಮಗೂ ಬಂತು. ಯಾರದೂ ಹೋಗಲಿಲ್ಲ."

"ಯಾರದೂ ಹೋಗಲಿಲ್ಲ?"

"ಸರಕಾರದ್ದು ಜರಾ ಹೋತು, ಅಷ್ಟ."

"ಸರಕಾರದ್ದು ಅಂದ್ರ ಯಾರದೂ ಅಲ್ಲೇನೋ?" ಪಂಡಿತರ ಧ್ವನಿ ಪಡಸಾಲೆಯನ್ನು ದಾಟಿ ಅಡುಗೆಮನೆಗೆ ಕೇಳಿಸಿತು. ಅಲ್ಲಿ ಬೇಳೆ ಬಸಿಯುತ್ತಿದ್ದ ಬಾಲಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತಳು.

ಹಳೆಯ ಶಾಸ್ತ್ರಕಾರರು ಪ್ರಜೆಯ ಗಳಿಕೆಯಲ್ಲಿ ಆರನೆಯ ಒಂದು ಪಾಲನ್ನು ಅರಸನಿಗೆ ವಿಧಿಸಿದರು. ಅರಸನು ರಕ್ಷಿಸದಿದ್ದರೆ ಆ ಪಾಲು ಕಳವೇ ಸರಿ ಎಂದೂ ಹೇಳಿದರು. ಈ ಕಾಲದ ರಾಜ್ಯವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಜೆಯೊಬ್ಬನು ದಾನ ಮಾಡಿದಾಗ ತನ್ನ ಪಾಲಿನಲ್ಲಿಯೇ ಒಂದು ತುಣುಕನ್ನು ಬಿಟ್ಟುಕೊಡುತ್ತದೆ. ಹಸಿದವರಿಗೆ ಅನ್ನವಿಟ್ಟೆನೆಂದು ಒಬ್ಬನು ಹೇಳಿದರೆ, ಆ ಎಡೆಯಲ್ಲಿ ನನ್ನದೂ ಒಂದು ತುತ್ತಿರಲಿ ಎಂದು ರಾಜ್ಯವು ಹೇಳುವ ಮಾತದು. ತೆರಿಗೆಯ ಕಾನೂನಿನ ಶುಷ್ಕವಾದ ಕಲಮುಗಳ ನಡುವೆ ಧರ್ಮದ ಮಾತೊಂದು ಉಳಿದುಕೊಂಡಿದ್ದರೆ ಅದು ಇದೇ. ಅದನ್ನು ಈ ಊರಿನ ಗಣ್ಯರು ಕಳ್ಳಗಿಂಡಿ ಮಾಡಿಕೊಂಡಿದ್ದರು!

ಪಂಡಿತರ ಸಿಟ್ಟಿಗೆ ಇನ್ನೂ ಒಂದು ಕಾರಣವಿತ್ತು. ಕಳೆದ ವಾರವಷ್ಟೇ ಈ ಹಣಕ್ಕೆ ಧಾರೆಯೆರೆಸಿದವರು ಅವರೇ.

ಈ ನಿಲಯ ಹುಟ್ಟಿದ್ದು ಕಾಲುವೆ ಅಗಿಯುವ ದಿನಗಳಲ್ಲಿ. ಕೃಷ್ಣೆಯ ನೀರನ್ನು ಶಹಾಪುರದ ಕರಿಯ ಹೊಲಗಳಿಗೆ ತರಲು ಸಾವಿರಾರು ಜನ ಮಣ್ಣು ಹೊರುತ್ತಿದ್ದಾಗ, ಅವರ ಮಕ್ಕಳು ದಿನವಿಡೀ ಬುಟ್ಟಿಗಳ ನೆರಳಿನಲ್ಲಿ ಮಲಗಿರುವುದನ್ನು ಕಂಡ ಕೆಲವರು ಒಂದು ತಗಡಿನ ಚಪ್ಪರ ಹಾಕಿ ಗಂಜಿ ಕಾಯಿಸಿದರು. ಚಪ್ಪರ ಕಟ್ಟಡವಾಯಿತು. ಹುಡುಗರು ಅಲ್ಲಿಯೇ ಇದ್ದು ಓದಿದರು. ಹುಡುಗಿಯರು ಮಧ್ಯಾಹ್ನ ಬಂದು ಉಂಡು ಶಾಲೆಗೆ ಹೋದರು. ಜನರ ಬಾಯಲ್ಲಿ ಅದು ಇಂದಿಗೂ 'ಕಾಲುವಿ ಬೋರ್ಡಿಂಗ್'. ನೀರು ಬಂದ ಮೇಲೆ ಜೋಳದ ಹೊಲಗಳು ಗದ್ದೆಗಳಾದವು, ಅಕ್ಕಿಯ ಗಿರಣಿಗಳು ಎದ್ದವು, ಗುತ್ತೇದಾರರ ಮನೆಗಳಿಗೆ ಎರಡನೆಯ ಅಂತಸ್ತು ಬಂತು. ಗಂಜಿ ಕಾಯಿಸಿದ ಹಳಬರು ಒಬ್ಬೊಬ್ಬರಾಗಿ ತೀರಿಹೋದರು. ನಿಲಯವು ಹೊಸ ಸಿರಿವಂತರ ಕೈ ನೋಡುವಂತಾಯಿತು.

ನಿಲಯದಲ್ಲಿ ಒಂದು ಪದ್ಧತಿ ಇತ್ತು. ದಾನ ಕೊಟ್ಟವನು ಮಕ್ಕಳ ಪಂಕ್ತಿಯ ಮುಂದೆ ನಿಂತು, ಅಂಗೈಯಲ್ಲಿ ಬಿಲ್ವದ ಎಲೆಯಿಟ್ಟುಕೊಂಡು, ತಂಬಿಗೆಯಲ್ಲಿ ತಂದ ಕಾಲುವೆಯ ನೀರನ್ನು ಕಂಚಿನ ತಟ್ಟೆಗೆ ಧಾರೆಯಾಗಿ ಬಿಡಬೇಕು. ಪಂಡಿತರು ಸಂಸ್ಕೃತದಲ್ಲಿ ಹೇಳಿಕೊಡುವ ಸಂಕಲ್ಪವನ್ನು ತುಂಡುತುಂಡಾಗಿ ಹಿಂದೆಯೇ ನುಡಿಯಬೇಕು. ಕೊನೆಯಲ್ಲಿ 'ಇದಂ ನ ಮಮ' ಎಂಬ ಮೂರು ಮಾತು. ಆಗ ದಾನಿಯ ಹೆಸರನ್ನು ಕೂಗಲಾಗುತ್ತದೆ, ಮಕ್ಕಳು ಜಯಕಾರ ಹಾಕುತ್ತಾರೆ, ದಾನಿಯು ಅವರೊಡನೆ ಮೊದಲ ಎಡೆಯಲ್ಲಿ ಉಣ್ಣುತ್ತಾನೆ. ಈ ಕಾರ್ಯಕ್ಕಾಗಿಯೇ ಪಂಡಿತರು ಎಷ್ಟೋ ವರ್ಷಗಳಿಂದ ಪ್ರತಿ ಮಾರ್ಚಿನಲ್ಲಿ ಸುರಪುರದಿಂದ ಬಸ್ಸು ಹತ್ತಿ ಬರುತ್ತಿದ್ದರು. ಹಿಂದಿನ ಅಧ್ಯಕ್ಷರು ದೀಪಾವಳಿಯ ಹೊತ್ತಿಗೆ ಲಿಂಗೈಕ್ಯರಾದಾಗ, ನಿರುಪದ್ರವಿ ಮುದುಕರೆಂದು ಇವರನ್ನೇ ಆ ಸ್ಥಾನದಲ್ಲಿ ಕೂರಿಸಿದರು. ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ಸಹಿ ಮಾಡಿಯಾರೆಂಬುದು ಸಮಿತಿಯ ಎಣಿಕೆಯಾಗಿತ್ತು.

"ನೀರು ಬಿಟ್ಟಾರ," ಎಂದರು ಪಂಡಿತರು. "ಮಕ್ಕಳ ಮುಂದ, ಅನ್ನದ ಮುಂದ, ನನ್ನ ಮುಂದ. ನೀರು ಬಿಟ್ಟದ್ದನ್ನ ತಿರುಗಿ ತಗೊಳ್ಳೂದಕ್ಕ ದತ್ತಾಪಹಾರ ಅಂತಾರ, ಈಶಪ್ಪ. ಕಳವಿಗೆ ಪ್ರಾಯಶ್ಚಿತ್ತ ಅದ. ಇದಕ್ಕ ಯಾವ ಋಷಿನೂ ಪ್ರಾಯಶ್ಚಿತ್ತ ಬರೆದಿಲ್ಲ, ಯಾಕಂದ್ರ ಇಂಥಾದ್ದು ಮನುಷ್ಯಾ ಮಾಡತಾನಂತ ಅವರಿಗೆ ಹೊಳೀಲಿಲ್ಲ."

"ಗುರುಗಳ, ಸುಳ್ಳು ರಸೀದಿ ಮ್ಯಾಲ ಖರೇ ಅನ್ನ ಬೇಯಾಕತ್ತದ ಇಲ್ಲಿ. ಭತ್ತ ಇದಽ ದಾನಿಗಳು ಕಳಸ್ತಾರ, ಆ ಐದರಾಗಽ ಬ್ಯಾಳಿ ಬರ್ತದ, ಎಣ್ಣಿ ಬರ್ತದ. ನಾ ಒಂದು ಪೈಸೆ ಮುಟ್ಟಿಲ್ರಿ. ನೀವು ಸೈ ಮಾಡಲಿಲ್ಲಂದ್ರ ಮುಂದಿನ ವರ್ಷ ಯಾರೂ ಚೆಕ್ ಕೊಡಂಗಿಲ್ಲ. ಮಕ್ಕಳಿಗೆ ಏನು ಶ್ಲೋಕ ಉಣ್ಣಸ್ತೀರೇನು?"

ಆ ಮಾತಿನಲ್ಲಿದ್ದ ಸತ್ಯವೇ ಪಂಡಿತರನ್ನು ಹೆಚ್ಚು ಕೆರಳಿಸಿತು. ಚೆಕ್ಕನ್ನು ಎತ್ತಿ ನಾಲ್ಕಾಗಿ ಹರಿದು ಮೇಜಿನ ಮೇಲಿಟ್ಟರು.

"ರಸೀದಿ ಸುಳ್ಳಲ್ಲ. ದಾನ ಅಂತ ಬರದದ, ದಾನಽ ಆಗ್ತದ. ಒಂದು ರೂಪಾಯಿ ಹೊರಗ ಹೋಗಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಬಾಲಮ್ಮ ಒಳಕ್ಕೆ ತಿರುಗುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಪಂಡಿತರ ಸಿಟ್ಟಿನಾಗ ಬ್ಯಾಳಿ ಬೇಯೂದಿದ್ರ ಕಟಗಿ ಖರ್ಚಽ ಇರತಿರಲಿಲ್ಲ."

ಸುದ್ದಿ ಊರಿಗೆ ಹರಡಲು ಸಂಜೆಯಾಗಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಪಂಡಿತರು ಬಸ್ಸಿನಿಂದಿಳಿದು ನಿಲಯಕ್ಕೆ ಬರುವಷ್ಟರಲ್ಲಿ ಅಂಗಳದಲ್ಲಿ ಬಿಳಿಯ ಜೀಪೊಂದು ನಿಂತಿತ್ತು. ಗೋಗಿಯ ಯಂಕಣ್ಣ ಪಡಸಾಲೆಯ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದನು. ಕಾಲುವೆಯ ಮಗ್ಗುಲಿಗೆ ಕಲ್ಲು ಹೊದಿಸುವ ಗುತ್ತಿಗೆಯಿಂದ ಮೇಲೆ ಬಂದವನು. ಅವನು ಹೊದಿಸಿದ ಕಲ್ಲು ಎರಡನೆಯ ವರ್ಷವೇ ಕುಸಿದು ಬಿದ್ದಿತ್ತು, ಅದನ್ನು ಮತ್ತೆ ಹೊದಿಸುವ ಗುತ್ತಿಗೆಯೂ ಅವನಿಗೇ ಸಿಕ್ಕಿತ್ತು. ಊಟದ ಹಾಲಿನ ಗೋಡೆಯ ಮೇಲೆ ಕೆತ್ತಿಸಿದ ದಾನಿಗಳ ಹೆಸರುಗಳಲ್ಲಿ ಮೊದಲನೆಯದು ಅವನದು. ಮಳೆಗಾಲದ ನಂತರ ಪುರಸಭೆಯ ಚುನಾವಣೆಗೆ ನಿಲ್ಲುವವನಿದ್ದನು.

"ಬರ್ರಿ ಬರ್ರಿ, ಪಂಡಿತರ. ನಿಮಗೇನೋ ಆರಾಮ ಇಲ್ಲಂತ ಕೇಳಿದೆ."

"ನಾ ಆರಾಮಽ ಅದೀನಿ. ಆ ಕುರ್ಚಿ ಬಿಟ್ಟು ಏಳ್ರಿ, ಅದು ಅಧ್ಯಕ್ಷಂದು."

ಯಂಕಣ್ಣ ನಗುತ್ತ ಎದ್ದನು, ಆದರೆ ನಗು ಕಣ್ಣಿಗೆ ಮುಟ್ಟಲಿಲ್ಲ. "ನೋಡ್ರಿ, ಇದು ಲೋಕದಾಗ ನಡಿಯೋ ರಿವಾಜು. ನಾ ಒಬ್ಬನಽ ಅಲ್ಲ. ಡಾಕ್ಟರ್ ಅದಾರ, ಗಿರಣಿ ಮಾಲಕರು ಅದಾರ, ಸಾಲಿ ಮಾಸ್ತರು ಅದಾರ. ಎಲ್ಲಾರ ರೊಕ್ಕ ಹಿಡಿದಿಟ್ಕೊಂಡು ನೀವು ಏನು ಮಾಡೋರು?"

"ಹಿಡಿದಿಟ್ಟಿಲ್ಲ. ನೀವಽ ಕೊಟ್ಟೀರಿ. ಜಯಕಾರ ಹಾಕಿಸ್ಕೊಂಡೀರಿ. ಮೊದಲನೇ ಎಡಿಗೆ ಕುಂತು ಹೋಳಿಗಿ ಎರಡು ಸಲ ಕೇಳಿ ಹಾಕಿಸ್ಕೊಂಡೀರಿ."

"ಸಮಿತಿ ಕೂಡಸಿ ನಿಮ್ಮನ್ನ ತಗದು ಹಾಕತೀನಿ."

"ಹಾಕ್ರಿ. ಠರಾವು ಬರೀರಿ." ಪಂಡಿತರು ಮೇಜಿನ ಮೇಲಿದ್ದ ನಿರ್ಣಯದ ಪುಸ್ತಕವನ್ನು ಅವನ ಕಡೆಗೆ ತಳ್ಳಿದರು. "ಏನಂತ ಬರೀತೀರಿ? ದಾನದ ರೊಕ್ಕ ದಾನಿಗಳಿಗೆ ತಿರುಗಿ ಕೊಡಲಿಲ್ಲ, ಅದಕ್ಕ ಅಧ್ಯಕ್ಷನ್ನ ತಗದೀವಿ ಅಂತ ಬರೀರಿ. ಕೆಳಗ ಎಲ್ಲಾರೂ ಸೈ ಮಾಡ್ರಿ. ಆಮ್ಯಾಲ ಆ ಪುಸ್ತಕ ನಾನಽ ಹೊತ್ಕೊಂಡು ತೆರಿಗಿ ಕಚೇರಿಗೆ ಹೋಗತೀನಿ."

ಯಂಕಣ್ಣ ಪುಸ್ತಕವನ್ನು ಮುಟ್ಟಲಿಲ್ಲ.

"ಇಷ್ಟು ವರ್ಷ ನಿಮಗ ಶಾಲು ಹೊದಿಸಿದೋರು ನಾವು, ಪಂಡಿತರ. ಬಸ್ ಚಾರ್ಜ್ ಕೊಟ್ಟು ಕರಸ್ಕೊಂಡೀವಿ."

"ಶಾಲು ಮನ್ಯಾಗ ಮಡಿಚಿಟ್ಟೀನಿ. ನಾಳೆ ಎಲ್ಲಾನೂ ತರತೀನಿ. ಅವಕ್ಕೂ ರಸೀದಿ ಹರಿಸ್ಕೊಂಡೀರೇನು?"

ಜೀಪು ಧೂಳೆಬ್ಬಿಸಿ ಹೋಯಿತು. ಈಶಪ್ಪ ಗೋಡೆಗೆ ಒರಗಿ ನಿಂತಿದ್ದವನು ಹಣೆಗೆ ಕೈಯೊತ್ತಿಕೊಂಡನು. ಪಂಡಿತರು ಮಾತ್ರ ಆ ದಿನ ತಮ್ಮ ವಯಸ್ಸನ್ನು ಮರೆತು ನೆಟ್ಟಗೆ ಕುಳಿತಿದ್ದರು. ಸಿಟ್ಟು ಧರ್ಮದ ಪಕ್ಷದಲ್ಲಿದೆ ಎಂದು ಖಾತ್ರಿಯಾದಾಗ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಸುಖವಿಲ್ಲ. ಆ ಸುಖ ಅವರಿಗೆ ಮೂರನೆಯ ದಿನದವರೆಗೆ ಉಳಿಯಿತು.

ಅಂದು ಮಧ್ಯಾಹ್ನ, ಮಕ್ಕಳು ಪರೀಕ್ಷೆಗೆ ಹೋಗಿದ್ದ ಹೊತ್ತಿನಲ್ಲಿ, ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಿಸಿಲಿನಲ್ಲಿ ಬಂದು ಪಡಸಾಲೆಯ ಮೆಟ್ಟಿಲಿನ ಮೇಲೆ ಚಪ್ಪಲಿ ಬಿಟ್ಟಳು. ಅವಳ ಸೀರೆಯ ಅಂಚಿಗೆ ಸುಣ್ಣದ ಕಡ್ಡಿಯ ಪುಡಿ ಅಂಟಿತ್ತು.

"ಕರೆಮ್ಮ ರೀ. ಕೊಂಕಲ್ ಹೈಸ್ಕೂಲಿನಾಗ ಟೀಚರ್ ಅದೀನಿ. ನನ್ನ ರೊಕ್ಕಕ್ಕ ಬಂದೀನಿ."

ಬಾಲಮ್ಮ ಅಡುಗೆಮನೆಯಿಂದ ಇಣುಕಿದಳು. "ಯವ್ವಾ, ತಿಮ್ಮವ್ವನ ಮಗಳಲ್ಲೇನ? ಇಲ್ಲೇ ಉಂಡು ಬೆಳದಾಕಿ! ಎಷ್ಟು ತೆಳ್ಳಗಾಗೀದಿ, ಸಾಲ್ಯಾಗ ಸುಣ್ಣದ ಕಡ್ಡೀನಽ ತಿಂತೀ ಏನು?"

"ಆಮ್ಯಾಲ ಬರತೀನಿ ದೊಡ್ಡವ್ವಾ," ಎಂದಳು ಕರೆಮ್ಮ. ಆದರೆ ಮುಖ ಸಡಿಲಾಗಲಿಲ್ಲ.

ಪಂಡಿತರಿಗೆ ಅವಳ ನೆನಪಾಯಿತು. ಮೊನ್ನೆ ಧಾರೆಯ ದಿನ ಕೊಂಕಲ್ ಶಾಲೆಯ ಮಾಸ್ತರರೆಲ್ಲ ಒಟ್ಟಿಗೆ ಬಂದಿದ್ದರು. ಅವರ ಹಿಂದೆ ಕೊನೆಯವಳಾಗಿ ನಿಂತು ಇವಳು ನೀರು ಬಿಟ್ಟಿದ್ದಳು. ಸಂಕಲ್ಪದ ಮಾತುಗಳನ್ನು ಅವಳಷ್ಟು ಸ್ಪಷ್ಟವಾಗಿ ಬೇರೆ ಯಾರೂ ನುಡಿದಿರಲಿಲ್ಲ. ತಾವು ಮೆಚ್ಚಿ ತಲೆದೂಗಿದ್ದರು.

"ತಂಗೀ, ಆ ರೊಕ್ಕ ತಿರುಗಿ ಬರಂಗಿಲ್ಲ. ಅದು ದಾನ. ನೀನು ನೀರು ಬಿಟ್ಟಿ. ನಿನ್ನ ಬಾಯಿಂದಽ ಹೇಳಿದಿ."

"ಏನು ಹೇಳಿದೆ?"

"ಇದಂ ನ ಮಮ."

"ಹಂಗಂದ್ರ?"

"ಇದು ನನ್ನದಲ್ಲ, ಅಂತ."

"ಅದು ನಂದಽ ಅದ ರೀ," ಎಂದಳು ಕರೆಮ್ಮ. ಅವಳ ಧ್ವನಿ ಏರಲಿಲ್ಲ. ಆದರೆ ಪ್ರತಿಯೊಂದು ಮಾತೂ ಕಲ್ಲಿನಂತೆ ಬಿತ್ತು. "ನನ್ನ ಪಗಾರ. ನಮ್ಮವ್ವ ಕಾಲುವಿ ಮಣ್ಣು ಹೊತ್ತು ನೆತ್ತಿ ಕೂದಲು ಕಳಕೊಂಡಾಳ, ಆಕಿ ಮನಿ ಮ್ಯಾಲ ಪರಸಿ ಕಲ್ಲು ಹಾಕಸ್ಬೇಕಂತ ಕೂಡಿಸಿಟ್ಟದ್ದು. ಕನ್ನಡದಾಗ ಕೇಳಿದ್ರ ನನ್ನದಲ್ಲ ಅಂತ ನಾ ಸತ್ರೂ ಅಂತಿದ್ದಿಲ್ಲ. ನೀವು ಹೇಳ್ರಿ ಅಂದ್ರಿ, ಹೇಳಿದೆ. ಸಣ್ಣಾಕಿದ್ದಾಗ ಯಂಕಣ್ಣ ಸಾವಕಾರರಿಗೆ ಜಯ ಅನ್ನು ಅಂದ್ರಿ, ಅಂದೆ. ಅನ್ನದ ಗಂಗಾಳ ಮುಂದ ಇಟ್ಟು ಏನು ಅನ್ನು ಅಂದ್ರೂ ಹುಡುಗರು ಅಂತಾವ."

"ನೀ ಸಂಸ್ಕೃತ ತಿಳೀಲಿಲ್ಲ ಅಂತೀ. ರಸೀದಿ ಕನ್ನಡದಾಗಽ ಅದ ಅಲ್ಲ?" ಪಂಡಿತರೂ ಈಗ ಸಿಟ್ಟಾದರು. "ಕೊಡದಽ ಕೊಟ್ಟೀನಂತ ರಸೀದಿ ಇಸ್ಕೊಂಡಿ. ಮಕ್ಕಳಿಗೆ ಪಾಠ ಹೇಳಾಕಿ. ಅದು ತಪ್ಪಲ್ಲೇನು?"

"ತಪ್ಪದ ರೀ. ಇಲ್ಲ ಅನ್ನಂಗಿಲ್ಲ. ಹೆಡ್ ಮಾಸ್ತರು ಎಲ್ಲಾರ ಚೆಕ್ ಕೂಡಿಸಿದ್ರು. ನೀ ಒಬ್ಬಾಕಿ ಯಾಕ ಬಿಡ್ತೀ, ಆಮ್ಯಾಲ ವಾಪಸ್ ಬರ್ತದ ಅಂದ್ರು. ನನಗೂ ಆಸೆ ಆತು, ಕೊಟ್ಟೆ." ಅವಳು ಚೀಲದಿಂದ ರಸೀದಿಯನ್ನು ತೆಗೆದು ಮೇಜಿನ ಮೇಲಿಟ್ಟಳು. "ತಪ್ಪು ಇದು ಅಲ್ಲೇನು? ಇದನ್ನ ತಗೋರಿ. ಇನ್ನಾ ಲೆಕ್ಕ ಕೊಟ್ಟಿಲ್ಲ ನಾನು; ಜುಲೈದಾಗ ಕೊಡೂದು. ಪೂರಾ ಪಗಾರಕ್ಕ ಟ್ಯಾಕ್ಸ್ ಕಟ್ಟತೀನಿ. ದಾನ ಮಾಡಿಲ್ಲ, ಮಾಡೀನಂತ ಹೇಳಂಗೂ ಇಲ್ಲ. ನನ್ನ ರೊಕ್ಕ ನನಗ ಕೊಡ್ರಿ. ಸುಳ್ಳು ತಗದು ಹಾಕಬೇಕಿತ್ತಂದ್ರ ರಸೀದಿ ಹರೀಬೇಕಿತ್ತು ನೀವು. ನನ್ನ ರೊಕ್ಕಾನೂ ಇಟ್ಕೊಂಡು, ಧರ್ಮದ ಹೆಸರೂ ಇಟ್ಕೊಂಡು ಕುಂದ್ರೂದು ಯಾವ ಶಾಸ್ತ್ರ ರೀ? ನಿಮ್ಮ ಪುಣ್ಯಕ್ಕ ನನ್ನ ಪಗಾರ ಯಾಕ ಬೇಕು?"

ಈಶಪ್ಪ ಓಡಿಬಂದು ನಡುವೆ ನಿಂತನು. "ಗುರುಗಳ, ಒಬ್ಬಾಕಿಗೆ ಕೊಟ್ರ ಎಲ್ಲಾರೂ ಬರತಾರ. ರಸೀದಿ ಎಸದು ರೊಕ್ಕ ಒಯ್ತಾರ. ಆಗ ಆ ಐದೂ ಉಳಿಯಂಗಿಲ್ಲ. ಜೂನದಾಗ ಮಕ್ಕಳು ಬಂದ್ರ ಒಲಿ ಹಚ್ಚಾಕ ಏನೂ ಇರಂಗಿಲ್ಲ. ಯೋಚನಿ ಮಾಡ್ರಿ."

ಪಂಡಿತರು ಯೋಚಿಸಿದರು. ಯೋಚಿಸಿದಷ್ಟೂ ಅವರ ಸಿಟ್ಟು ಹೊರಗೆ ಹೋಗಲು ದಾರಿ ಕಾಣದೆ ಒಳಕ್ಕೆ ತಿರುಗಿತು. ಎಷ್ಟು ಮಾರ್ಚುಗಳು! ಗುತ್ತೇದಾರರ ದಪ್ಪ ನಾಲಗೆಗಳು ಸಂಕಲ್ಪದ ಮಹಾಪ್ರಾಣಗಳಲ್ಲಿ ತೊಡರುವುದನ್ನು ಕೇಳಿ ಅವರು ಒಳಗೊಳಗೇ ನಕ್ಕಿದ್ದರು, ತಿದ್ದಿದ್ದರು, ಮತ್ತೆ ಹೇಳಿಸಿದ್ದರು. ಉಚ್ಚಾರವನ್ನು ತಿದ್ದಿದರೇ ಹೊರತು, ಹೇಳುತ್ತಿರುವುದು ಏನೆಂದು ಒಬ್ಬನಿಗಾದರೂ ಕನ್ನಡದಲ್ಲಿ ಒಂದು ಮಾತು ತಿಳಿಸಿದ್ದುಂಟೆ? ಅರ್ಥವನ್ನು ಗರ್ಭಗುಡಿಯಲ್ಲಿಟ್ಟು ಬೀಗ ಹಾಕಿ, ಶಬ್ದವನ್ನು ಮಾತ್ರ ಹೊರಗೆ ತೀರ್ಥದಂತೆ ಹಂಚಿದ್ದರು. ತಿಳಿಯದವನಿಂದ ಸಂಕಲ್ಪ ಮಾಡಿಸಿ, ಆ ಸಂಕಲ್ಪದ ಬಲದಿಂದಲೇ ಅವನನ್ನು ಕಟ್ಟಿಹಾಕುವ ಪುರೋಹಿತನಿಗೂ, ಓದಲು ಬಾರದವನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಾಹುಕಾರನಿಗೂ ಏನು ವ್ಯತ್ಯಾಸ? ಯಂಕಣ್ಣನ ಕಳ್ಳತನಕ್ಕೆ ಮಂತ್ರದ ಹೊದಿಕೆಯನ್ನು ನೇಯ್ದುಕೊಟ್ಟವರು ಬೇರೆ ಯಾರೂ ಅಲ್ಲ.

"ಈಶಪ್ಪ," ಎಂದರು ಕೊನೆಗೆ, ಹಲ್ಲು ಕಚ್ಚಿಕೊಂಡೇ. "ಈಕಿ ಹೆಸರಿಗೆ ಚೆಕ್ ಬರಿ. ನಗದು ಅಲ್ಲ. ಪೂರಾ ಬರಿ; ಐದೂ ಹಿಡೀಬ್ಯಾಡ. ರಸೀದಿ ರದ್ದು ಅಂತ ಅಡ್ಡ ಗೀಟು ಹೊಡೆದು ಫೈಲಿಗೆ ಹಚ್ಚು."

"ಮತ್ತ ಉಳಿದೋರು?"

"ಎಲ್ಲಾರಿಗೂ ಹೇಳಿ ಕಳಸು. ರಸೀದಿ ಬೇಕಾದ್ರ ರಸೀದಿ, ರೊಕ್ಕ ಬೇಕಾದ್ರ ರೊಕ್ಕ. ಎರಡೂ ಅಲ್ಲ. ಹುಡುಗರು ಊರಿಗೆ ಹೋಗೋ ಹಿಂದಿನ ದಿನ ಪಂಕ್ತಿ ಅದ. ರಸೀದಿ ಇಟ್ಕೊಳ್ಳೋರು ಅವತ್ತು ಬಂದು ಮಕ್ಕಳ ಮುಂದ ಮತ್ತೊಮ್ಮೆ ಧಾರೆ ಎರೀಬೇಕು. ಈ ಸಲ ಕನ್ನಡದಾಗ."

ಕರೆಮ್ಮ ಚೆಕ್ಕನ್ನು ಎರಡು ಸಲ ಓದಿ ಮಡಿಚಿ ಇಟ್ಟುಕೊಂಡಳು. ವಂದನೆಯನ್ನೂ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಬಾಲಮ್ಮ ಅವಳ ರಟ್ಟೆ ಹಿಡಿದು ಒಳಗೆ ಕರೆದೊಯ್ಯುತ್ತಿದ್ದಳು. "ಬಾ, ಉಂಡು ಹೋಗು. ನಿನ್ನ ಹೆಸರು ಯಾರೂ ಕೂಗಂಗಿಲ್ಲ. ಹೆಸರಿಲ್ದ ಉಂಡ್ರ ಹೊಟ್ಟಿ ತುಂಬಂಗಿಲ್ಲೇನು?"

ಈಶಪ್ಪ ಹೇಳಿದಂತೆಯೇ ಆಯಿತು. ಡಾಕ್ಟರರು ಕಾಂಪೌಂಡರನ ಕೈಯಲ್ಲಿ ರಸೀದಿ ಕಳುಹಿಸಿ ಚೆಕ್ಕು ತರಿಸಿಕೊಂಡರು. ಗಿರಣಿಯ ಮಾಲಕರಿಬ್ಬರು ಮುಖ ತೋರಿಸದೆ, ರಸೀದಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕಳುಹಿಸಿದರು. ಅದರ ಮೇಲೆ 'ಶ್ರೀ' ಎಂದು ಬರೆದಿದ್ದರು. ಕೊಂಕಲ್ಲಿನ ಹೆಡ್ ಮಾಸ್ತರರು ಮಾತ್ರ ಸ್ವತಃ ಬಂದು, ಇಂದಿನ ಶಿಕ್ಷಕರಲ್ಲಿ ಧರ್ಮಶ್ರದ್ಧೆ ಕುಸಿಯುತ್ತಿರುವುದರ ಬಗ್ಗೆ ವ್ಯಥೆ ವ್ಯಕ್ತಪಡಿಸಿ, ತಮ್ಮ ಹಣವನ್ನು ತೆಗೆದುಕೊಂಡು ಹೋದರು. ಪಂಡಿತರು ಪ್ರತಿಯೊಂದು ಚೆಕ್ಕಿಗೂ ಸಹಿ ಮಾಡಿದರು. ಪ್ರತಿಯೊಂದು ಸಹಿಗೂ ಜೂನ್ ತಿಂಗಳು ಹತ್ತಿರವಾಗುತ್ತಿತ್ತು. ಇವರೆಲ್ಲರ ಹಣೆಯ ಮೇಲೆ ತಾವೇ ಎಷ್ಟು ಸಲ ವಿಭೂತಿ ಹಚ್ಚಿದ್ದೆವೆಂದು ನೆನೆದಾಗ ಅವರಿಗೆ ತಮ್ಮ ಬೆರಳುಗಳ ಮೇಲೆಯೇ ರೋಷ ಬರುತ್ತಿತ್ತು.

ಯಂಕಣ್ಣನಿಂದ ಮಾತ್ರ ಯಾವ ಸುದ್ದಿಯೂ ಬರಲಿಲ್ಲ. ಎಲ್ಲರಿಗಿಂತ ದೊಡ್ಡ ಮೊತ್ತ ಅವನದು. ಅದು ಉಳಿದರೆ ನಿಲಯದ ಒಲೆ ಒಂದು ವರ್ಷ ಉರಿಯುತ್ತದೆ; ಹೋದರೆ ಜೂನಿನಲ್ಲಿ ಬಾಗಿಲಿಗೆ ಬೀಗ. ಇದು ಪಂಡಿತರಿಗೂ ಗೊತ್ತಿತ್ತು, ಈಶಪ್ಪನಿಗೂ ಗೊತ್ತಿತ್ತು. ಯಂಕಣ್ಣನಿಗೂ ಚೆನ್ನಾಗಿ ಗೊತ್ತಿತ್ತು.

ಪಂಕ್ತಿಯ ದಿನ ಬಂತು. ಕಾಲುವೆಯ ನೀರು ನಿಂತು ಹೋಗಿತ್ತು. ತಳದಲ್ಲಿ ಕೆಸರು ಬಿರಿದಿತ್ತು. ಧಾರೆಗೆ ಕೊಳವೆಬಾವಿಯ ನೀರನ್ನೇ ತಂಬಿಗೆಯಲ್ಲಿ ತುಂಬಿದರು. ಮಕ್ಕಳು ಗಂಗಾಳಗಳನ್ನು ಮುಂದಿಟ್ಟುಕೊಂಡು ಸಾಲಾಗಿ ಕುಳಿತರು. ಮೊದಲ ಎಡೆಯ ಮಣೆ ಖಾಲಿಯಿತ್ತು. ಬಾಲಮ್ಮ ಅನ್ನದ ಬುಟ್ಟಿಯ ಮೇಲಿನ ಬಟ್ಟೆ ಸರಿಸುವಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು.

ಯಂಕಣ್ಣ ಒಬ್ಬನೇ ಬಂದಿರಲಿಲ್ಲ. ಚುನಾವಣೆಯಲ್ಲಿ ಅವನಿಗಾಗಿ ಓಡಾಡಲಿದ್ದ ಓಣಿಯ ಹಿರಿಯರು ಕೆಲವರು ಹಿಂದೆಯೇ ಇದ್ದರು. ಅವನು ಒಳಗೆ ಬರುತ್ತಲೇ ಪಂಡಿತರ ಕಿವಿಯ ಹತ್ತಿರ ಬಾಗಿದನು.

"ಇವರನ್ನೆಲ್ಲ ಕರಕೊಂಡು ಬಂದೀನಿ. ಹಳೇ ಮಂತ್ರ ಹೇಳಿ ಮುಗಸ್ರಿ. ರೊಕ್ಕದ ಮಾತು ಆಮ್ಯಾಲ ಕುಂತು ಆಡೋಣ."

"ಮಂತ್ರ ಬದಲಾಗ್ಯಾದ," ಎಂದರು ಪಂಡಿತರು, ಕಿವಿಯಲ್ಲಿ ಅಲ್ಲ, ಹಾಲಿನ ಕೊನೆಯವರೆಗೆ ಕೇಳುವಂತೆ. "ಗೋಗಿಯ ಯಂಕಣ್ಣನವರು ಮಕ್ಕಳ ಅನ್ನಕ್ಕ ದಾನ ಕೊಟ್ಟಾರ. ರಸೀದಿ ಅವರ ಹಂತೇಕಽ ಅದ. ತಿರುಗಿ ಒಯ್ಯಬೇಕಂದ್ರ ಒಯ್ಯಬಹುದು, ಈಗಽ ಚೆಕ್ ಬರದು ಕೊಡತೀವಿ. ಒಯ್ಯೂದಿಲ್ಲಂದ್ರ ನೀರು ಬಿಟ್ಟು ನಾ ಹೇಳಿದಂಗ ಹೇಳಲಿ."

ಓಣಿಯ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿದರು. ಅವರಲ್ಲೊಬ್ಬರು, ಮಸ್ತಾನಸಾಬ, "ತಿರುಗಿ ಒಯ್ಯೂದೇನ್ರಿ? ದಾನ ಯಾರಾದ್ರೂ ತಿರುಗಿ ಒಯ್ತಾರೇನು, ಪಂಡಿತರ? ತೌಬಾ!" ಎಂದು ನಕ್ಕರು. ಯಂಕಣ್ಣನ ಕಣ್ಣು ಗೋಡೆಯ ಮೇಲೆ ಕೆತ್ತಿದ್ದ ತನ್ನ ಹೆಸರಿಗೆ ಹೋ‌ಯಿತು, ಅಲ್ಲಿಂದ ಬಾಗಿಲಿಗೆ, ಮತ್ತೆ ಹಿರಿಯರ ಕಡೆಗೆ. ಪಂಡಿತರು ತಂಬಿಗೆಯನ್ನು ಅವನ ಕೈಗೆ ಕೊಟ್ಟು ಬಿಲ್ವದ ಎಲೆಯನ್ನು ಅಂಗೈಯಲ್ಲಿಟ್ಟರು.

"ಹೇಳ್ರಿ. ಈ ರೊಕ್ಕ ನಾ ಮಕ್ಕಳ ಅನ್ನಕ್ಕ ಕೊಟ್ಟೀನಿ."

ಯಂಕಣ್ಣನ ದವಡೆ ಅಲುಗಿತು. ಸಂಸ್ಕೃತದಲ್ಲಿ ಎಂದೂ ತೊಡರದ ಅವನ ಧೈರ್ಯ ತನ್ನ ತಾಯಿಯ ಮಾತಿನಲ್ಲಿ ತೊಡರಿತು. "ಈ ರೊಕ್ಕ... ನಾ ಮಕ್ಕಳ ಅನ್ನಕ್ಕ ಕೊಟ್ಟೀನಿ."

"ತಿರುಗಿ ಕೇಳಂಗಿಲ್ಲ."

"ತಿರುಗಿ ಕೇಳಂಗಿಲ್ಲ."

"ಇದು ನನ್ನದಲ್ಲ."

ಅವನು ಪಂಡಿತರನ್ನು ನೋಡಿದ ನೋಟದಲ್ಲಿ ಮುಂದಿನ ವರ್ಷದ ಲೆಕ್ಕವೆಲ್ಲ ಇತ್ತು: ಚೆಕ್ಕಿಲ್ಲ, ಭತ್ತವಿಲ್ಲ, ಶಾಲಿಲ್ಲ, ಸಿಕ್ಕರೆ ಬಿಡುವುದಿಲ್ಲ. ಪಂಡಿತರೂ ಅಷ್ಟೇ ಬಿರುಸಾಗಿ ನೋಡಿದರು. ಅವರ ಮನಸ್ಸಿನಲ್ಲಿ ಆ ಕ್ಷಣಕ್ಕೆ ಕರುಣೆಯೂ ಇರಲಿಲ್ಲ, ಗೆಲುವೂ ಇರಲಿಲ್ಲ.

"ಇದು ನನ್ನದಲ್ಲ," ಎಂದನು ಯಂಕಣ್ಣ. ನೀರು ತಟ್ಟೆಗೆ ಬಿತ್ತು.

ಅರ್ಥ ತಿಳಿದ ಮಾತಿಗೆ ಮೊದಲ ಸಲ ಮಕ್ಕಳು ಜಯಕಾರ ಹಾಕಿದರು. ಹಿರಿಯರು ತಲೆದೂಗಿದರು. ಪದ್ಧತಿಯಂತೆ ಯಂಕಣ್ಣ ಮೊದಲ ಎಡೆಯಲ್ಲಿ ಕುಳಿತನು. ಎದ್ದು ಹೋಗುವಂತಿರಲಿಲ್ಲ, ಎಲ್ಲರೂ ನೋಡುತ್ತಿದ್ದರು. ಸಿಟ್ಟಿನಿಂದ ಉಂಡನು, ಯಾರದೋ ಮೇಲೆ ಸೇಡು ತೀರಿಸುವವನಂತೆ ದೊಡ್ಡ ದೊಡ್ಡ ತುತ್ತುಗಳನ್ನು ನುಂಗಿದನು. ಗಂಗಾಳ ಬರಿದಾದಾಗ ಅದನ್ನು ಸಪ್ಪಳ ಮಾಡುತ್ತ ಮುಂದಕ್ಕೆ ತಳ್ಳಿದನು.

"ಹಾಕು ಇನ್ನಷ್ಟು. ನಂದಽ ಅನ್ನ ಅಲ್ಲೇನು?"

ಬಾಲಮ್ಮ ಅನ್ನದ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಳು.

"ಈಗಽ ನಿಮ್ದಲ್ಲ ಅಂದ್ರಲ್ರಿ, ಸಾವಕಾರ್ರ. ಎಲ್ಲಾರೂ ಕೇಳೀವಿ." ಅವಳು ಅನ್ನದ ಕೈಯನ್ನು ಗಂಗಾಳದ ಮೇಲೆ ಹಿಡಿದಳು, ಆದರೆ ಬಿಡಲಿಲ್ಲ. "ಮಕ್ಕಳ ಅನ್ನ ಅದ. ಹಾಕ್ಲಾ?"